ಕೂಸು ಹಾಲು ಹಿಡಿಯಿತೇ?

ಹೆರಿಗೆಯ ಸುದ್ದಿ ದವಾಖಾನೆಯಿಂದ ಮನೆಗೆ, ಮನೆಯಿಂದ ಅಂಗಡಿಗೆ ಮುಟ್ಟಿದೊಡನೆ ನಾವೆಲ್ಲ ಕೇಳುವ ಮೊದಲ ಪ್ರಶ್ನೆ ‘ಗಂಡೋ ಹೆಣ್ಣೋ’. ಎರಡನೆಯದು ‘ನಾರ್ಮಲ್ಲೋ ಸೀಜರೋ’. ಮೂರನೆಯದು ಕೂಸಿನ ತೂಕ. ಪೇಢೆ ತರಲು ಆಳು ಓಡುತ್ತಾನೆ, ನಕ್ಷತ್ರ ಕೇಳಲು ಉಪಾಧ್ಯೆಯವರಿಗೆ ಫೋನು ಹೋಗುತ್ತದೆ. ‘ಕೂಸು ಹಾಲು ಹಿಡಿಯಿತೇ’ ಎಂದು ಕೇಳುವವರು ಮನೆಯ ಹಿರಿಯ ಆಯಿ ಒಬ್ಬರೇ. ಆ ಪ್ರಶ್ನೆಗೆ ಉತ್ತರ ಹೇಳುವ ಹೊತ್ತಿಗೆ ಅನೇಕ ಮನೆಗಳಲ್ಲಿ ಹಾಲಿನ ಪುಡಿಯ ಡಬ್ಬಿ ಒಡೆದಿರುತ್ತದೆ.

ಹಾಲು ಬರುವುದು ಪ್ರಕೃತಿಯ ಕೆಲಸ. ಹಾಲೂಡಿಸುವುದು ಮಾತ್ರ ಕಲಿಯಬೇಕಾದ ವಿದ್ಯೆ. ಹಿಂದೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಉತ್ತೂರಿನಂಥ ಊರಿನ ತುಂಬಿದ ಮನೆಯಲ್ಲಿ ಬೆಳೆದ ಹುಡುಗಿ ಅತ್ತಿಗೆಯನ್ನು, ಚಿಗವ್ವನನ್ನು, ಅಕ್ಕನನ್ನು ನೋಡುತ್ತಲೇ ಕಲಿಯುತ್ತಿದ್ದಳು. ಕೂಸನ್ನು ಯಾವ ತೋಳಿನ ಮೇಲೆ ಮಲಗಿಸಬೇಕು, ಎಷ್ಟು ಹತ್ತಿರ ಎಳೆದುಕೊಳ್ಳಬೇಕು ಎಂಬುದೆಲ್ಲ ಅವಳ ಕಣ್ಣಿಗೆ ರೂಢಿಯಾಗಿರುತ್ತಿತ್ತು. ಇಂದು ಮನೆಗೊಂದು ಎರಡು ಮಕ್ಕಳು. ಕೊಲ್ಹಾಪುರದಲ್ಲೋ ಇಚಲಕರಂಜಿಯಲ್ಲೋ ಫ್ಲ್ಯಾಟಿನಲ್ಲಿ ಬೆಳೆದ ನಮ್ಮ ಹೆಣ್ಣುಮಕ್ಕಳು ಬಿ.ಕಾಂ., ಎಂ.ಬಿ.ಎ. ಓದುತ್ತಾರೆ, ಅಂಗಡಿಯ ಜಿಎಸ್‌ಟಿ ಲೆಕ್ಕ ಬರೆಯುತ್ತಾರೆ. ಆದರೆ ಅವರು ಮೊದಲ ಬಾರಿ ಎತ್ತಿಕೊಳ್ಳುವ ಎಳೆಗೂಸು ತಮ್ಮದೇ ಆಗಿರುತ್ತದೆ. ಅವರಿಗೆ ತಿಳಿಯದಿದ್ದರೆ ಅದು ಅವರ ತಪ್ಪಲ್ಲ.

ದವಾಖಾನೆಯಲ್ಲಿ ಹೆರಿಗೆಯಾದರೆ ಅಲ್ಲಿ ಕಲಿಸುತ್ತಾರೆಂದು ನಾವು ನಂಬಿರುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಿರಿ. ದೇಶದಲ್ಲಿ 100ಕ್ಕೆ 89 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ ಹುಟ್ಟಿದ ಒಂದು ತಾಸಿನೊಳಗೆ ತಾಯಿಯ ಎದೆಗೆ ಬಂದ ಕೂಸುಗಳು 100ಕ್ಕೆ 42 ಮಾತ್ರ. ಖಾಸಗಿ ಆಸ್ಪತ್ರೆಗಳಲ್ಲಿ 100ಕ್ಕೆ 47 ಹೆರಿಗೆಗಳು ಸೀಜರ್. ವ್ಯಾಪಾರಸ್ಥರಾದ ನಾವು ಹೆಚ್ಚಾಗಿ ಹೋಗುವುದು ಖಾಸಗಿ ಆಸ್ಪತ್ರೆಗೇ. ಕಾಸು ಹೆಚ್ಚು ಕೊಟ್ಟಲ್ಲಿ ಕೂಸು ತಾಯಿಯಿಂದ ಹೆಚ್ಚು ಹೊತ್ತು ದೂರ ಉಳಿಯುವ ಸಂಭವವೂ ಇದೆ ಎಂಬುದನ್ನು ಮರೆಯಬಾರದು.

ಮೊದಲ ತಾಸು

ಹುಟ್ಟಿದ ಕೂಡಲೇ ಕೂಸನ್ನು ಒರೆಸಿ, ಬಟ್ಟೆ ಸುತ್ತದೆ ತಾಯಿಯ ಬರಿಯ ಎದೆಯ ಮೇಲೆ ಕವುಚಿ ಮಲಗಿಸಿ, ಮೇಲೊಂದು ಹೊದಿಕೆ ಹೊದಿಸಿದರೆ ಅದು ತಾನೇ ತೆವಳಿಕೊಂಡು ಹೋಗಿ ಮೊಲೆ ಹುಡುಕಿ ಬಾಯಿ ಹಾಕುತ್ತದೆ. ಇದನ್ನು ಸ್ವೀಡನ್ನಿನ ಸಂಶೋಧಕರು 1987ರಲ್ಲಿ ಬರೆದು ತೋರಿಸಿದರು. ಮುಂಬಯಿಯ ಮಕ್ಕಳ ವೈದ್ಯರು ಯುನಿಸೆಫ್ ಜೊತೆ ಸೇರಿ 2007ರಲ್ಲಿ ಅದರ ಚಿತ್ರವನ್ನೇ ತೆಗೆದರು. ನೋಡಿದವರು ಬೆರಗಾಗುತ್ತಾರೆ. ಕರು ನಿಲ್ಲಲು ಬಂದ ಕೂಡಲೇ ಕೆಚ್ಚಲು ಹುಡುಕುವುದನ್ನು ಕಂಡ ನಮಗೆ ಇದರಲ್ಲಿ ಅಷ್ಟು ಆಶ್ಚರ್ಯ ಬೇಡವೇನೋ. ಹುಟ್ಟಿದ ಮೊದಲ ಒಂದೆರಡು ತಾಸು ಕೂಸು ಎಚ್ಚರವಾಗಿರುತ್ತದೆ, ಆಮೇಲೆ ಗಾಢ ನಿದ್ದೆಗೆ ಜಾರುತ್ತದೆ. ತೂಗಿ, ತೊಳೆದು, ಬಂಧುಗಳ ಕೈಯಿಂದ ಕೈಗೆ ದಾಟಿಸಿ, ಫೋಟೋ ತೆಗೆಯುವುದರಲ್ಲಿ ಆ ಹೊತ್ತು ಕಳೆದರೆ ಮತ್ತೆ ಎಬ್ಬಿಸಿ ಬಾಯಿ ಹಾಕಿಸುವುದು ಕಷ್ಟ.

ಸೀಜರ್ ಆದರೂ ಇದು ಸಾಧ್ಯ. ಬೆನ್ನಿಗೆ ಸೂಜಿ ಕೊಟ್ಟು ಮಾಡಿದ ಸೀಜರಿನಲ್ಲಿ ತಾಯಿಗೆ ಎಚ್ಚರವಿರುತ್ತದೆ. ಮಗ್ಗುಲಲ್ಲಿ ಮಲಗಿಸಿ, ಇಲ್ಲವೆ ಕೂಸನ್ನು ಕಂಕುಳ ಕೆಳಗೆ ಹಿಡಿದು, ಹೊಲಿಗೆಗೆ ತಾಗದಂತೆ ಕುಡಿಸಬಹುದು. ಇದನ್ನು ಹೆರಿಗೆಗೆ ಮೊದಲೇ ವೈದ್ಯರ ಬಳಿ ಮಾತಾಡಿ ಇಟ್ಟುಕೊಳ್ಳಬೇಕು. ಕೋಣೆಗೆ ಎ.ಸಿ. ಇದೆಯೇ ಎಂದು ವಿಚಾರಿಸುವ ನಾವು ಇದನ್ನೂ ಒಂದು ಮಾತು ವಿಚಾರಿಸಬಹುದು.

ಗಿಣ್ಣ ಯಾರದು?

ಮೊದಲ ಎರಡು ಮೂರು ದಿನ ಬರುವ ಹಾಲು ಹಳದಿ, ಅಂಟು, ಪ್ರಮಾಣದಲ್ಲಿ ಬಹಳ ಕಡಿಮೆ. ‘ಕೆಟ್ಟ ಹಾಲು, ಹಿಂಡಿ ಚೆಲ್ಲು’ ಎನ್ನುವ ಮಾತು ಗಡಹಿಂಗ್ಲಜ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕಿವಿಗೆ ಬೀಳುತ್ತದೆ. ನಮ್ಮ ಸಮಾಜದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಂತೆ ತೋರುತ್ತದೆ. ಎಮ್ಮೆ ಈದರೆ 15 ದಿನ, ಆಕಳು ಈದರೆ 10 ದಿನ, ಆಡು ಈದರೆ 8 ದಿನ ಅದರ ಹಾಲನ್ನು ಶ್ರಾವಕರು ಬಳಸಬಾರದೆಂಬ ನಿಯಮ ನಮ್ಮಲ್ಲಿದೆ. ಗಿಣ್ಣ ನಮಗೆ ಅಭಕ್ಷ್ಯ. ಆ ಭಾವನೆಯೇ ತಿಳಿಯದೆ ತಾಯಿಯ ಮೊದಲ ಹಾಲಿಗೂ ಅಂಟಿಕೊಂಡಿರಬಹುದು.

ಆದರೆ ಆ ನಿಯಮದ ಫಲವನ್ನು ನೋಡಿರಿ. ನಾವು ಗಿಣ್ಣ ಮುಟ್ಟದಿದ್ದರೆ ಅದು ಹೋಗುವುದು ಕರುವಿನ ಹೊಟ್ಟೆಗೆ. ಗಿಣ್ಣ ಅಭಕ್ಷ್ಯವಾದದ್ದು ನಮಗೆ, ಕರುವಿಗಲ್ಲ. ಹಾಗೆಯೇ ತಾಯಿಯ ಗಿಣ್ಣ ಕೂಸಿನ ಪಾಲು. ರೋಗ ತಡೆಯುವ ಅಂಶಗಳು ಅದರಲ್ಲಿ ತುಂಬಿರುತ್ತವೆ, ಕೂಸಿನ ಕಪ್ಪು ಮಲ ಬೇಗ ಹೊರಬೀಳಲೂ ಅದು ನೆರವಾಗುತ್ತದೆ. ಪ್ರಮಾಣ ಕಡಿಮೆ ಎಂದು ಹೆದರಬೇಕಿಲ್ಲ. ಮೊದಲ ದಿನ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಬೇಕಾದದ್ದು ಚಮಚೆಯಷ್ಟೇ.

ಹುಟ್ಟಿದ ಕೂಸಿಗೆ ಜೇನುತುಪ್ಪ ನೆಕ್ಕಿಸುವ ರೂಢಿ ಸುತ್ತಲಿನ ಮನೆಗಳಲ್ಲಿದೆ. ಮಧುತ್ಯಾಗ ನಮ್ಮ ಅಷ್ಟಮೂಲಗುಣಗಳಲ್ಲಿ ಒಂದಾದ್ದರಿಂದ ನಮ್ಮ ಕೂಸುಗಳು ಆ ಅಪಾಯದಿಂದ ತಾವಾಗಿಯೇ ಪಾರು. ಒಂದು ವರ್ಷ ತುಂಬುವವರೆಗೆ ಜೇನು ಕೊಡಬಾರದೆಂದು ವೈದ್ಯರೂ ಹೇಳುತ್ತಾರೆ. ಆದರೆ ಜೇನಿನ ಬದಲು ಬೆಲ್ಲದ ನೀರು, ಸಕ್ಕರೆ ನೀರು, ಹರಳೆಣ್ಣೆ, ಸಾಣೆಯ ಮೇಲೆ ತೇಯ್ದ ಬಾಳಗುಟಿ ಇವೆಲ್ಲ ನಮ್ಮಲ್ಲೂ ನಡೆದಿವೆ. ಇವು ಕೂಸಿನ ಹಸಿವನ್ನು ಕೊಲ್ಲುತ್ತವೆ. ಹಸಿವಿಲ್ಲದ ಕೂಸು ಚೀಪುವುದಿಲ್ಲ, ಚೀಪದಿದ್ದರೆ ಹಾಲು ಇಳಿಯುವುದಿಲ್ಲ. ಒಳ್ಳೆಯ ಗಳಿಗೆ ಬರಲೆಂದು, ನಾದಿನಿ ಬರಲೆಂದು ಕೂಸನ್ನು ತಾಸುಗಟ್ಟಲೆ ಉಪವಾಸ ಇಡುವವರೂ ಇದ್ದಾರೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ‘ಅನ್ನಪಾನನಿರೋಧ’ ಒಂದೆಂದು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಅದನ್ನು ಎತ್ತು ಕುದುರೆಗಷ್ಟೇ ಅನ್ವಯಿಸಿದರೆ ಹೇಗೆ? ಸೂತಕದ ಹತ್ತು ದಿನ ಪೂಜೆಗೆ, ಆಹಾರದಾನಕ್ಕೆ ಅಡ್ಡಿ. ಕೂಸಿಗೆ ಹಾಲೂಡಿಸಲು ಯಾವ ದಿನವೂ ಅಡ್ಡಿಯಿಲ್ಲ.

ಮೊದಲ ಹತ್ತು ದಿನಗಳ ಮಾತು ಬಂದಾಗ ಕೊಲ್ಹಾಪುರದವರಿಗೆ ಆನಂದಿಬಾಯಿ ಜೋಶಿಯವರ ನೆನಪು ಬರಲೇಬೇಕು. ಹದಿನಾಲ್ಕರ ವಯಸ್ಸಿನಲ್ಲಿ ಹೆತ್ತ ಅವರ ಗಂಡುಮಗು ಹತ್ತೇ ದಿನ ಬದುಕಿತು. ಆ ದುಃಖವೇ ಅವರನ್ನು ಅಮೇರಿಕೆಯವರೆಗೆ ಕರೆದೊಯ್ದಿತು. 1886ರಲ್ಲಿ ಡಾಕ್ಟರಾಗಿ ಮರಳಿದ ಅವರನ್ನು ಕೊಲ್ಹಾಪುರ ಸಂಸ್ಥಾನ ತನ್ನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ನೇಮಿಸಿತು. ಕ್ಷಯರೋಗ ಅವರನ್ನು 1887ರ ಫೆಬ್ರುವರಿಯಲ್ಲಿ, ಇನ್ನೂ 21ರ ವಯಸ್ಸಿನಲ್ಲಿ ಒಯ್ದಿತು. ಆ ಆಸ್ಪತ್ರೆಯೇ ನಾವೆಲ್ಲ ಸಿ.ಪಿ.ಆರ್. ಎಂದು ಕರೆಯುವ ಈಗಿನ ಛತ್ರಪತಿ ಪ್ರಮಿಳಾರಾಜೆ ಆಸ್ಪತ್ರೆ.

ಹಿಡಿಯುವ ಬಗೆ

ಇಲ್ಲಿ ಸ್ವಲ್ಪ ಬಿಚ್ಚುಮಾತು ಬೇಕು. ನಾಚಿಕೆಯಿಂದ ಬಿಟ್ಟ ವಿಷಯವೇ ಹೆಚ್ಚು ತೊಂದರೆ ಕೊಡುತ್ತದೆ.

ಹೊಸ ತಾಯಂದಿರು ಮಾಡುವುದು ಸಾಮಾನ್ಯವಾಗಿ ಹೀಗೆ: ಬಗ್ಗಿ ಕುಳಿತು, ಎರಡು ಬೆರಳಲ್ಲಿ ಮೊಲೆತೊಟ್ಟನ್ನು ಹಿಡಿದು ಕೂಸಿನ ಬಾಯಿಗೆ ತುರುಕುವುದು. ಕೂಸು ತೊಟ್ಟಿನ ತುದಿಯನ್ನಷ್ಟೇ ಕಚ್ಚುತ್ತದೆ. ತಾಯಿಗೆ ಪ್ರಾಣ ಹೋಗುವ ನೋವು, ಕೂಸಿಗೆ ಹಾಲಿಲ್ಲ, ಮೂರನೆಯ ದಿನಕ್ಕೆ ತೊಟ್ಟು ಒಡೆದು ರಕ್ತ. ಹಾಲು ಇರುವುದು ತೊಟ್ಟಿನ ತುದಿಯಲ್ಲಲ್ಲ. ತೊಟ್ಟಿನ ಸುತ್ತಲಿನ ಕಪ್ಪು ಭಾಗ, ಅದರಲ್ಲೂ ಕೆಳಗಿನ ಅರ್ಧ, ಬಾಯೊಳಗೆ ಹೋಗಬೇಕು.

ತಾಯಿ ಬೆನ್ನಿಗೆ ಗೋಡೆಯನ್ನೋ ದಿಂಬನ್ನೋ ಆನಿಸಿ ನೆಟ್ಟಗೆ ಕೂಡಬೇಕು. ಕೂಸಿನ ಕಿವಿ, ಹೆಗಲು, ಸೊಂಟ ಒಂದೇ ಸಾಲಿನಲ್ಲಿರಲಿ. ಕುತ್ತಿಗೆ ಹೊರಳಿಸಿಕೊಂಡು ನಾವಾದರೂ ನೀರು ಕುಡಿಯಬಲ್ಲೆವೇ? ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು, ಮೂಗು ತೊಟ್ಟಿನ ಎದುರಿಗೆ ಇರಬೇಕು. ತೊಟ್ಟಿನಿಂದ ಮೇಲ್ದುಟಿ ಸವರಿದರೆ ಕೂಸು ಆಕಳಿಸುವಂತೆ ಬಾಯಿ ತೆರೆಯುತ್ತದೆ. ಆ ಕ್ಷಣಕ್ಕೆ ಕೂಸನ್ನು ಎದೆಗೆ ತರಬೇಕು, ಎದೆಯನ್ನು ಕೂಸಿನ ಬಳಿಗೆ ಬಗ್ಗಿಸಬಾರದು. ಸರಿಯಾಗಿ ಹಿಡಿದಿದ್ದರೆ ಗದ್ದ ಎದೆಗೆ ಒತ್ತಿರುತ್ತದೆ, ಕೆಳದುಟಿ ಹೊರಕ್ಕೆ ಮಡಚಿರುತ್ತದೆ, ಗಲ್ಲ ಉಬ್ಬಿರುತ್ತದೆ, ನುಂಗುವ ಸದ್ದು ಕೇಳುತ್ತದೆ. ನೋವು ಹಾಗೆಯೇ ಉಳಿದರೆ ಹಿಡಿತ ಸರಿಯಿಲ್ಲವೆಂದು ತಿಳಿಯಬೇಕು. ಎಳೆಯಬಾರದು. ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ಹಾಕಿ ಬಿಡಿಸಿ ಮತ್ತೆ ಹಿಡಿಸಬೇಕು. ಹತ್ತು ಸಲವಾದರೂ ಸರಿಯೇ. ತೊಟ್ಟು ಒಡೆದಿದ್ದರೆ ಅದರ ಮೇಲೆ ತಾಯಿಯ ಹಾಲನ್ನೇ ಎರಡು ಹನಿ ಸವರಿ ಗಾಳಿಗೆ ಆರಲು ಬಿಟ್ಟರೆ ಸಾಕು.

ಇಚಲಕರಂಜಿಯಿಂದ ಬಾಣಂತನಕ್ಕೆಂದು ಉತ್ತೂರಿಗೆ ಬಂದಿದ್ದ ನಮ್ಮ ಮನೆಯ ಮಗಳಿಗೆ ಸೀಜರ್ ಆಗಿತ್ತು. ಮೂರನೆಯ ರಾತ್ರಿ ಕೂಸು ಒಂದೇ ಸಮನೆ ಅಳತೊಡಗಿತು. ಕೋಣೆಯ ತುಂಬ ಜನ. ‘ಹಾಲ ಇಳದಿಲ್ಲ, ಡಬ್ಬಿ ತರಸ್ರಿ’ ಎಂದು ಒಬ್ಬರು. ‘ನಮ್ಮ ಕಾಲದಾಗ ಹಿಂಗ ಇರಲಿಲ್ಲವ್ವಾ’ ಎಂದು ಇನ್ನೊಬ್ಬರು. ಮಗಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಬಾಣಂತಿಗೆ ನೀರು ಹಾಕಲು ಬರುತ್ತಿದ್ದ ಅಜ್ಜಿ ಬಂದು, ‘ಎಲ್ಲಾರೂ ಹೊರಗ ನಡೀರಿ, ಹಿಂಗ ಜಾತ್ರಿ ಕೂಡಿಸಿದ್ರ ಎಮ್ಮೀನೂ ಸೊರ ಬಿಡೂದಿಲ್ಲ’ ಎಂದಳು. ದೀಪ ಸಣ್ಣದು ಮಾಡಿಸಿದಳು. ಬೆನ್ನಿಗೆ ಎರಡು ದಿಂಬು ಇಟ್ಟಳು, ಬಿಸಿನೀರಲ್ಲಿ ಅದ್ದಿದ ಬಟ್ಟೆ ಎದೆಯ ಮೇಲೆ ಹಾಕಿದಳು, ಬೆನ್ನನ್ನು ಮೇಲಿಂದ ಕೆಳಗೆ ನೀವಿದಳು. ಅರ್ಧ ತಾಸಿಗೆ ಕೂಸಿನ ಅಳು ನಿಂತಿತು. ಡಬ್ಬಿ ತರಲು ಗಡಹಿಂಗ್ಲಜಕ್ಕೆ ಹೊರಟಿದ್ದ ಅಳಿಯಂದಿರು ಗಾಡಿಯ ಕೀಲಿ ಕೈಯಲ್ಲೇ ಹಿಡಿದು ಪಡಸಾಲೆಯಲ್ಲಿ ನಿದ್ದೆ ಹೋಗಿದ್ದರು.

ಅಜ್ಜಿಗೆ ಹಾರ್ಮೋನಿನ ಹೆಸರು ತಿಳಿಯದು. ಅವಳು ಹೇಳಿದ್ದು ಮಾತ್ರ ವಿಜ್ಞಾನವೇ. ಹಾಲನ್ನು ಎದೆಯಿಂದ ಹೊರಕ್ಕೆ ದೂಡುವ ಆಕ್ಸಿಟೋಸಿನ್ ತಾಯಿ ಹೆದರಿದಾಗ, ನಾಚಿದಾಗ, ಅತ್ತಾಗ ತಡೆಯುತ್ತದೆ, ನೆಮ್ಮದಿ ಸಿಕ್ಕಾಗ ಹರಿಯುತ್ತದೆ. ಗಟ್ಟಿ ಹಾಲು ತುಂಬಿ ಬರುವುದು ಎರಡರಿಂದ ನಾಲ್ಕನೆಯ ದಿನದೊಳಗೆ, ಸೀಜರ್ ಆದವರಿಗೆ ಒಂದು ದಿನ ತಡವಾಗಬಹುದು. ಆ ನಡುವಿನ ರಾತ್ರಿಯೇ ಎಲ್ಲ ಮನೆಗಳಲ್ಲೂ ಡಬ್ಬಿ ಒಡೆಯುವ ರಾತ್ರಿ.

ಬೇಡಿಕೆ ಇದ್ದಷ್ಟು ಮಾಲು

‘ಹಾಲು ಸಾಲದು’ ಎಂಬ ಮಾತನ್ನು ವ್ಯಾಪಾರಸ್ಥರು ತಮ್ಮ ಭಾಷೆಯಲ್ಲೇ ಅರ್ಥ ಮಾಡಿಕೊಳ್ಳಬಹುದು. ಎದೆ ಗೋದಾಮಲ್ಲ, ಕಾರಖಾನೆ. ಮಾಲು ಎತ್ತಿದಷ್ಟೂ ಹೊಸ ಮಾಲು ತಯಾರಾಗುತ್ತದೆ, ಎತ್ತದೆ ಬಿಟ್ಟರೆ ಮಗ್ಗ ನಿಲ್ಲುತ್ತದೆ. ಒಂದು ಹೊತ್ತು ಡಬ್ಬಿ ಹಾಲು ಕೊಟ್ಟರೆ ಆ ಹೊತ್ತಿನ ಬೇಡಿಕೆ ಕಡಿಮೆಯಾಯಿತು, ಮರುದಿನ ಅಷ್ಟು ಹಾಲು ಕಡಿಮೆ, ಆದ್ದರಿಂದ ಇನ್ನೊಂದು ಹೊತ್ತು ಡಬ್ಬಿ. ಹದಿನೈದು ದಿನಕ್ಕೆ ‘ಇವಳಿಗೆ ಹಾಲೇ ಇಲ್ಲ’ ಎಂಬ ಮಾತು ನಿಜವಾಗಿಬಿಡುತ್ತದೆ. ದಿನಕ್ಕೆ 8ರಿಂದ 12 ಸಲ ಕುಡಿಸಬೇಕು. ರಾತ್ರಿ ಬಿಡಬಾರದು, ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ರಾತ್ರಿಯ ಹೊತ್ತಿಗೇ ಹೆಚ್ಚು. ‘ಅತ್ತರೇನೇ ಅವ್ವ ಹಾಲು ಕೊಡುವುದು’ ಎಂಬ ಗಾದೆ ದೊಡ್ಡವರಿಗೆ ಸರಿ. ಎಳೆಗೂಸಿಗೆ ಅಳು ಕಡೆಯ ಕೂಗು. ಅದಕ್ಕೂ ಮೊದಲೇ ಅದು ಬಾಯಿ ಚಪ್ಪರಿಸುತ್ತದೆ, ತಲೆ ಹೊರಳಿಸುತ್ತದೆ, ಕೈ ಬಾಯಿಗೆ ಒಯ್ಯುತ್ತದೆ.

ಸಾಲುತ್ತದೋ ಇಲ್ಲವೋ ಎಂಬುದಕ್ಕೆ ಅಳು ಅಳತೆಗೋಲಲ್ಲ. ಐದಾರನೆಯ ದಿನದಿಂದ ಕೂಸು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಬೇಕು, ಕಪ್ಪು ಮಲ ಹಳದಿಗೆ ತಿರುಗಿರಬೇಕು. ಮೊದಲ ವಾರ ತೂಕ ತುಸು ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟುತೂಕಕ್ಕೆ ಮರಳಬೇಕು. ಇಷ್ಟು ಸರಿಯಿದ್ದರೆ ಮನೆಯವರು ಬಾಯಿ ಮುಚ್ಚಿಕೊಂಡಿರುವುದೇ ದೊಡ್ಡ ಉಪಕಾರ. ಕೂಸು ಹಳದಿಯಾಗಿ ಮಂಕಾದರೆ, ಎಬ್ಬಿಸಿದರೂ ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ, ತಾಯಿಗೆ ಚಳಿಜ್ವರ ಬಂದು ಎದೆ ಕೆಂಪಾಗಿ ಗಟ್ಟಿಯಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ನಿಜವಾಗಿಯೂ ಹಾಲು ಸಾಲದ ತಾಯಂದಿರು ಇದ್ದಾರೆ, ಸಂಖ್ಯೆ ಕಡಿಮೆ. ಅವರನ್ನು ಚುಚ್ಚಬಾರದು. ವೈದ್ಯರು ಹೇಳಿದಷ್ಟು ಮೇಲುಹಾಲನ್ನು ಬಾಟಲಿಯ ಬದಲು ವಾಟಿ-ಚಮಚೆಯಲ್ಲೋ ನಮ್ಮ ಹಳೆಯ ಒಳಲೆಯಲ್ಲೋ ಕುಡಿಸಬೇಕು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಬೇರೆ ತಾಯಂದಿರು ಕೊಟ್ಟ ಹಾಲನ್ನು ಕಾಯ್ದಿಟ್ಟು ಕೊಡುವ ಹಾಲಿನ ಬ್ಯಾಂಕನ್ನು ಡಾ. ಆರ್ಮಿಡಾ ಫರ್ನಾಂಡಿಸ್ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಆರಂಭಿಸಿದರು. ಏಶಿಯಾದಲ್ಲೇ ಅದು ಮೊದಲನೆಯದು.

ಡಬ್ಬಿಯ ಕಥೆ ಮತ್ತು ನಮ್ಮ ಗಲ್ಲೆ

1950ರ ದಶಕದಲ್ಲಿ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯವು ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ಬಗೆಯನ್ನು ಕಂಡುಹಿಡಿಯಿತು. ಆನಂದದ ಅಮೂಲ್ ಅದನ್ನು ಪೇಟೆಗೆ ತಂದಿತು. ಪರದೇಶದ ಡಬ್ಬಿಗೆ ಹೋಗುತ್ತಿದ್ದ ಹಣ ಉಳಿಯಿತು, ತಾಯಿಯಿಲ್ಲದ ಕೂಸುಗಳಿಗೆ ಆಸರೆಯಾಯಿತು. ಅದು ಒಳ್ಳೆಯ ಕೆಲಸವೇ. ಆದರೆ ಮುಂದೆ ಡಬ್ಬಿ ಸಿರಿವಂತಿಕೆಯ ಗುರುತಾಯಿತು. ಬಡ ದೇಶಗಳಲ್ಲಿ ಕೊಳಕು ನೀರಿನಲ್ಲಿ ಕಲಸಿದ ಡಬ್ಬಿ ಹಾಲಿನಿಂದ ಕೂಸುಗಳು ಸಾಯುತ್ತಿರುವುದನ್ನು 1974ರಲ್ಲಿ ಇಂಗ್ಲೆಂಡಿನ ಒಂದು ಪುಸ್ತಿಕೆ ಬಯಲಿಗೆಳೆಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರಾಟದ ನೀತಿಸಂಹಿತೆ ಮಾಡಿತು. ನಮ್ಮ ದೇಶ 1992ರಲ್ಲಿ ಕಾಯದೆಯನ್ನೇ ತಂದು 2003ರಲ್ಲಿ ಅದನ್ನು ಬಿಗಿ ಮಾಡಿತು.

ಈ ಕಾಯದೆ ಔಷಧ ಅಂಗಡಿ, ಕಿರಾಣಿ ಅಂಗಡಿ ಇಟ್ಟ ನಮ್ಮ ಬಂಧುಗಳಿಗೆ ನೇರವಾಗಿ ಸಂಬಂಧಿಸಿದ್ದು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ, ಹಾಲಿನ ಬಾಟಲಿ ಮಾರುವುದಕ್ಕೆ ಅಡ್ಡಿಯಿಲ್ಲ. ಆದರೆ ಅವುಗಳ ಜಾಹೀರಾತು ಕೂಡದು. ಮಾರಾಟ ಹೆಚ್ಚಿಸಲೆಂದು ಸ್ಯಾಂಪಲ್, ಉಡುಗೊರೆ, ಇನ್ನಾವುದೇ ಆಮಿಷ ಕೊಡಕೂಡದು. ಮೀರಿದರೆ ಶಿಕ್ಷೆಯುಂಟು. ‘ಒಂದು ಡಬ್ಬಿಗೆ ಒಂದು ಆಟಿಗೆ ಸಾಮಾನು’ ಎಂಬ ಯೋಜನೆ ಹಿಡಿದು ಯಾರಾದರೂ ಬಂದರೆ ಬಾಗಿಲಲ್ಲೇ ಕೈಮುಗಿಯಿರಿ. ಅಚೌರ್ಯಾಣುವ್ರತ ಹೇಳುವ ನಾವು ಕೂಸಿನ ಪಾಲಿನ ಮೇಲೆ ಲಾಭ ಎಣಿಸಬಾರದೆಂದು ನಮ್ಮ ಅಭಿಪ್ರಾಯ.

ಬಾಣಂತಿಯ ತಾಟು

ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಆಹಾರ ಬೇಕು. ನಮ್ಮಲ್ಲಿ ಎಷ್ಟೋ ಮನೆಗಳು ಬೆಳ್ಳುಳ್ಳಿ ಬಳಸುವುದಿಲ್ಲ, ‘ಹಾಗಾದರೆ ಹಾಲು ಹೇಗೆ ಬಂದೀತು’ ಎಂದು ನೆರೆಯವರು ಹೆದರಿಸುತ್ತಾರೆ. ಬೆಳ್ಳುಳ್ಳಿಯಿಲ್ಲದೆ ನಮ್ಮ ಅಜ್ಜಿಯರು ತಲೆತಲಾಂತರದಿಂದ ಮಕ್ಕಳನ್ನು ಸಾಕಿದ್ದಾರೆ. ಅಳವಿ ಪಾಯಸ, ಅಂಟಿನ ಉಂಡಿ, ಮೆಂತೆ, ಸಬ್ಬಸಿಗೆ, ಓಮ, ತೊಗರಿಬೇಳೆ ಕಟ್ಟು, ತುಪ್ಪ ಎಲ್ಲವೂ ಇರಲಿ. ಪಥ್ಯದ ಹೆಸರಿನಲ್ಲಿ ನೀರು, ತರಕಾರಿ, ಹಣ್ಣು ಕಟ್ಟುವುದು ಮಾತ್ರ ಬೇಡ.

ಬಿ-12 ಜೀವಸತ್ವದ ಬಗ್ಗೆ ಶಾಕಾಹಾರಿಗಳಾದ ನಾವು ವಿಶೇಷವಾಗಿ ಎಚ್ಚರ ವಹಿಸಬೇಕು. ಸಸ್ಯಾಹಾರದಲ್ಲಿ ಅದು ದೊರೆಯುವುದು ಮುಖ್ಯವಾಗಿ ಹಾಲು-ಮೊಸರಿನಿಂದ. ತಾಯಿಯಲ್ಲಿ ಕೊರತೆಯಿದ್ದರೆ ಹಾಲಿನಲ್ಲೂ ಕೊರತೆ. ಅಂಥ ಕೂಸು ಕೆಲವು ತಿಂಗಳ ಮೇಲೆ ಮಂಕಾಗುತ್ತದೆ, ನಗು ಮರೆಯುತ್ತದೆ, ಕತ್ತು ನಿಲ್ಲುವುದಿಲ್ಲ, ಕೈಕಾಲು ನಡುಗುವುದೂ ಉಂಟು. ಗರ್ಭಿಣಿಯಿದ್ದಾಗಲೇ ರಕ್ತ ಪರೀಕ್ಷೆ ಮಾಡಿಸಿ ಕೊರತೆಯಿದ್ದರೆ ತುಂಬಿಸಿಕೊಳ್ಳಬೇಕು. ಈ ಜೀವಸತ್ವವನ್ನು ಸೂಕ್ಷ್ಮಾಣುಗಳ ಹುದುಗಿನಿಂದ ತಯಾರಿಸುತ್ತಾರೆ. ಜಿಲೆಟಿನ್ ಕ್ಯಾಪ್ಸೂಲು ಬೇಡವಾದರೆ ಮಾತ್ರೆ ಇಲ್ಲವೆ ಇಂಜೆಕ್ಷನ್ ಕೊಡಿರೆಂದು ವೈದ್ಯರಿಗೆ ಹೇಳಬಹುದು.

ಇನ್ನು ರಾತ್ರಿಭೋಜನ ತ್ಯಾಗ ಮತ್ತು ಉಪವಾಸದ ಪ್ರಶ್ನೆ. ಸಂಜೆ ಆರಕ್ಕೆ ಊಟ ಮುಗಿಸಿ, ನೀರನ್ನೂ ಬಿಟ್ಟು, ರಾತ್ರಿ ನಾಲ್ಕು ಸಲ ಹಾಲೂಡಿಸಿದ ತಾಯಿಗೆ ಬೆಳಗಿಗೆ ತಲೆ ಸುತ್ತುತ್ತದೆ. ದಶಲಕ್ಷಣ ಪರ್ವದಲ್ಲಿ ಎರಡು ತಿಂಗಳ ಬಾಣಂತಿ ಉಪವಾಸ ಕುಳಿತುದನ್ನೂ, ಅದನ್ನು ಮನೆಯವರು ಹೊಗಳಿದ್ದನ್ನೂ ನಾವು ಕಂಡಿದ್ದೇವೆ. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂದು ಎರಡಿವೆ. ‘ಶಕ್ತಿ ಇದ್ದಷ್ಟು’ ಎಂಬ ಮಾತು ಅಲ್ಲಿ ಸುಮ್ಮನೆ ಬಂದಿಲ್ಲ. ಎರಡು ಜೀವಕ್ಕೆ ಅನ್ನವಾಗಿರುವವಳ ಶಕ್ತಿಯ ಲೆಕ್ಕವೇ ಬೇರೆ. ನಿಯಮ ಹಿಡಿದ ತಾಯಿ ಹತ್ತಿರದ ಮುನಿಗಳನ್ನೋ ಮಾತಾಜಿಯವರನ್ನೋ ಕೇಳಿ ಕಾಲಮಿತಿಯ ಸಡಿಲಿಕೆ ಪಡೆಯಲಿ. ಕೇಳುವ ಧೈರ್ಯ ಸೊಸೆಗೆ ಬರುವುದಿಲ್ಲ, ಅತ್ತೆಯೇ ಕೇಳಬೇಕು.

ಅಂಗಡಿಗೆ ಮರಳಿದ ಮೇಲೆ

ನಲವತ್ತೈದು ದಿನಕ್ಕೆ ಕೂಸನ್ನು ಬಸದಿಗೆ ಕರೆದೊಯ್ಯುವ ಹೊತ್ತಿಗೆ ತಾಯಿ-ಕೂಸು ಇಬ್ಬರ ಕೈಗೂಡಿರುತ್ತದೆ. ಆಮೇಲೆ ಅಂಗಡಿಯ ಗಲ್ಲೆಗೆ ಕೂಡುವ, ನೌಕರಿಗೆ ಹೋಗುವ ತಾಯಂದಿರು ಹಾಲು ಬಿಡಿಸಬೇಕಿಲ್ಲ. ಕೈ ತೊಳೆದು ಕುದಿಸಿದ ಸ್ಟೀಲಿನ ವಾಟಿಗೆ ಹಿಂಡಿ ಮುಚ್ಚಿಟ್ಟರೆ ಹೊರಗೆ ನಾಲ್ಕು ತಾಸು, ಫ್ರಿಜ್ಜಿನಲ್ಲಿ ಒಂದು ದಿನ ಇರುತ್ತದೆ. ಕಾಯಿಸಬಾರದು, ಬಿಸಿನೀರಿನಲ್ಲಿ ವಾಟಿ ಇಟ್ಟು ಬೆಚ್ಚಗೆ ಮಾಡಿದರೆ ಸಾಕು. ನಮ್ಮ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಮಾತೂ ಇಲ್ಲೇ ಬರುತ್ತದೆ. ಹತ್ತು ಜನ ಕೆಲಸಗಾರರಿರುವ ಅಂಗಡಿಗೆ ಹೆರಿಗೆ ಸೌಲಭ್ಯದ ನಿಯಮ ಅನ್ವಯಿಸುತ್ತದೆ. 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ, ಮರಳಿದ ಮೇಲೆ ಕೂಸಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು. 2020ರ ಸಾಮಾಜಿಕ ಸುರಕ್ಷಾ ಸಂಹಿತೆಯಲ್ಲೂ ಇವು ಹಾಗೆಯೇ ಉಳಿದಿವೆ. ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಪರದೆ, ಒಂದು ಕುರ್ಚಿ ಹಾಕಿದರೆ ಗಿರಾಕಿ ತಾಯಂದಿರಿಗೂ ಆಯಿತು.

ಆರು ತಿಂಗಳು ತುಂಬುವವರೆಗೆ ಕೂಸಿಗೆ ಬೇರೇನೂ ಬೇಡ, ಚೈತ್ರ-ವೈಶಾಖದ ಬಿಸಿಲಿನಲ್ಲೂ ಒಂದು ಚಮಚೆ ನೀರು ಸಹ ಬೇಡ. ಎದೆಹಾಲಿನಲ್ಲಿ 100ಕ್ಕೆ 88 ಪಾಲು ನೀರೇ ಇದೆ. ಆರು ತುಂಬಿದ ಮೇಲೆ ಅನ್ನಪ್ರಾಶನ. ಜಿನಸೇನಾಚಾರ್ಯರ ಆದಿಪುರಾಣ ಹೇಳುವ 53 ಗರ್ಭಾನ್ವಯ ಕ್ರಿಯೆಗಳಲ್ಲಿ ಅದೂ ಒಂದು. ಆಮೇಲೂ ಎದೆಹಾಲು ಎರಡು ವರ್ಷದವರೆಗೆ, ಬೇಕೆನಿಸಿದರೆ ಮುಂದೆಯೂ ಸಾಗಲಿ.

ಊರಿನ ಆಶಾ ಕಾರ್ಯಕರ್ತೆಗೆ ಇದೆಲ್ಲದರ ತರಬೇತಿ ಆಗಿರುತ್ತದೆ. ಗಡಚಿರೋಲಿಯಲ್ಲಿ ಡಾ. ಅಭಯ ಮತ್ತು ರಾಣಿ ಬಂಗ ದಂಪತಿಗಳು ಹಳ್ಳಿಯ ಹೆಂಗಸರಿಗೇ ಕಲಿಸಿ ಎಳೆಗೂಸುಗಳ ಸಾವನ್ನು ಇಳಿಸಿ ತೋರಿಸಿದ ಮೇಲೆ ಸರಕಾರ ದೇಶಕ್ಕೆಲ್ಲ ತಂದ ಪದ್ಧತಿಯಿದು. ದವಾಖಾನೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೆಯ ದಿನ ಅವಳು ಮನೆಗೆ ಬರಬೇಕು. ‘ನಾವು ಪ್ರಾಯವೇಟದಾಗ ತೋರಸ್ತೀವಿ’ ಎಂದು ಬಾಗಿಲಿನಿಂದಲೇ ಕಳಿಸುವ ಮನೆಗಳು ನಮ್ಮಲ್ಲಿವೆ. ಒಳಗೆ ಕರೆದು, ಚಹಾ ಕೊಟ್ಟು, ಕೂಸು ಕುಡಿಯುವುದನ್ನು ಅವಳಿಗೆ ತೋರಿಸಿರಿ. ತೂಗುವ ತಕ್ಕಡಿ ಅವಳ ಚೀಲದಲ್ಲೇ ಇರುತ್ತದೆ.